ಪಾಯದ ಫೋಟೋ

ಶಿವರತ್ನಮ್ಮ ಮೂವತ್ತು ವರ್ಷಗಳಿಂದ ಗಾರೆ ಕೆಲಸಕ್ಕೆ ಹೋಗುವವಳು. ಲೊಕ್ಕನಹಳ್ಳಿಯಿಂದ ಹನೂರಿನವರೆಗೆ ಅವಳು ಕಲ್ಲು ಹೊತ್ತ ಪಾಯಗಳ ಮೇಲೆ ಎಷ್ಟೋ ಸಂಸಾರಗಳು ನಿದ್ದೆ ಮಾಡುತ್ತವೆ. ಅವಳು ಮಲಗುವುದು ಮಾತ್ರ ತೆಂಗಿನ ಗರಿಯ ಗುಡಿಸಲಲ್ಲಿ; ಗಾಳಿ ಬೀಸಿದರೆ ಮೇಲಿನ ನೀಲಿ ಟಾರ್ಪಾಲು ಉಸಿರೆಳೆದುಕೊಂಡಂತೆ ಏಳುತ್ತದೆ. ಕೆಲಸ ಮುಗಿದಲ್ಲೆಲ್ಲ ಬೇಡವೆಂದು ಬಿಟ್ಟ ಕಲ್ಲುಗಳನ್ನು ಅವಳು ಕೇಳಿ ತಂದು ಗುಡಿಸಲ ಪಕ್ಕ ಒಟ್ಟಿದ್ದಾಳೆ.

ಗಂಡ ತೀರಿಕೊಂಡ ಆರನೇ ವರ್ಷಕ್ಕೆ ಸರ್ಕಾರಿ ಮನೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ಕೆಲವೇ ದಿನಗಳಲ್ಲಿ ಪಂಚಾಯ್ತಿ ಮೆಂಬರ್ ಮಹದೇವಸ್ವಾಮಿ ಅವಳು ಕೆಲಸ ಮಾಡುತ್ತಿದ್ದ ಜಾಗಕ್ಕೇ ಬಂದ. ಅದು ಅವನ ತಮ್ಮನ ಮನೆ. ಪಾಯ ಆಗಷ್ಟೇ ಮುಗಿದಿತ್ತು. ಜೊತೆಗೆ ಮೊಬೈಲ್ ಹಿಡಿದ ಪಂಚಾಯ್ತಿ ಎಂಜಿನಿಯರ್.

“ಅಕ್ಕಾ, ಬಾಂಡ್ಲಿ ಇಳಿಸ್ಬುಟ್ಟು ಈ ಪಾಯದ್ ಮೇಲೆ ನಿಂತ್ಕೊ. ಒಂದ್ ಫೋಟೋ.”

“ಯಾಕಪ್ಪಾ ಸ್ವಾಮಿ, ಈ ವಯಸ್ನಲ್ಲಿ ನಂಗ್ ಗಂಡು ನೋಡ್ತಿದ್ದೀಯಾ?”

ಜೊತೆ ಕೆಲಸದ ಗೋವಿಂದಮ್ಮ ಕಿಸಕ್ಕನೆ ನಕ್ಕಳು. ಮಹದೇವಸ್ವಾಮಿ ನಗಲಿಲ್ಲ. ಈ ಮನೆಯನ್ನು ಅವಳದೆಂದು ತೋರಿಸಿದರೆ ಸರ್ಕಾರದ ಹಣ ತಮ್ಮನ ಕೈಸೇರುತ್ತದೆ. ಅವಳಿಗೆ ಮುಂದಿನ ಸಲ ಬೇರೆ ಮನೆ ಕೊಡಿಸುತ್ತೇನೆಂದ. ಫೋಟೋದ ಜೊತೆ ಜಾಗದ ಗುರುತೂ ದಾಖಲಾಗುತ್ತದೆ, ಒಮ್ಮೆ ನಿಂತವರಿಗೆ ಎರಡನೇ ಮನೆ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಆಮೇಲೆ ನಾನ್ ಇದ್ರಲ್ಲಿ ಒಲೆ ಅಚ್ಬೋದಾ?”

“ತಮಾಸೆ ಬ್ಯಾಡ ಕಣಕ್ಕ. ನಿಂತ್ಕನಿಲ್ಲ ಅಂದ್ರೆ, ಇವ್ಳು ಕೆಲ್ಸನೇ ಸುರು ಮಾಡಿಲ್ಲ ಅಂತ ಬರ್ಸಿ ಪಟ್ಟಿಯಿಂದ ಎಸ್ರು ತೆಗ್ಸ್‌ಬುಡ್ತೀನಿ.”

ಶಿವರತ್ನಮ್ಮ ಮೂಲೆಯ ಕಲ್ಲನ್ನು ನೋಡಿದಳು. ಅದನ್ನು ಹೊತ್ತ ಕುತ್ತಿಗೆ ಇನ್ನೂ ನೋಯುತ್ತಿತ್ತು.

“ಇದ್ರ ಕೂಲಿ ನಂಗ್ ಬಂದದೆ. ಮನೆ ನಿಮ್ದು. ನನ್ ಜಾಗ ಅಲ್ಲಿ ಅದೆ, ಬನ್ನಿ ಎಂಜಿನಿಯರ್ ಸಾ.”

ತಲೆಯ ಸಿಂಬೆ ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. ಹಾರೆ ಎತ್ತಿಕೊಂಡು ಅದೇ ಬೀದಿಯ ತನ್ನ ಗುಡಿಸಲಿನತ್ತ ನಡೆದಳು. ಪಕ್ಕದ ತನ್ನ ಖಾಲಿ ನೆಲದಲ್ಲಿ ಒಲೆಯ ಬೂದಿ ಉದುರಿಸಿ ಗೆರೆ ಎಳೆದಳು, ಅಗೆಯತೊಡಗಿದಳು. ಗೋವಿಂದಮ್ಮ ಗುದ್ದಲಿ ತಂದಳು. ಹಿಂದೆಯೇ ಜೊತೆ ಕೆಲಸದ ಉಳಿದ ಮೂವರು ಹೆಂಗಸರೂ ಬಂದರು.

“ನಾಳೆಯಿಂದ ನಿಮ್ಗ್ಯಾರ್ಗೂ ಕೆಲ್ಸ ಇಲ್ಲ!” ಎಂಜಿನಿಯರ್ ಜೊತೆ ಬೆನ್ನಿಗೇ ಬಂದ ಮಹದೇವಸ್ವಾಮಿ ಕೂಗಿದ.

“ಸರಿ ಕಣಪ್ಪ. ನಿನ್ ತಮ್ಮನ್ ಗ್ವಾಡೆನ ನೀನೇ ಎತ್ತು,” ಎಂದಳು ಗೋವಿಂದಮ್ಮ.

ಬೀದಿಯ ಜನ ಸೇರಿದರು. ಎಂಜಿನಿಯರ್ ಮೆಂಬರನ ಮುಖ ನೋಡಿದ, ಅಗೆದ ಮಣ್ಣು ನೋಡಿದ. ಕೆಲಸ ಶುರುವಾಗಿಲ್ಲ ಎಂದು ಅಷ್ಟು ಜನರೆದುರು ಬರೆಯುವುದು ಹೇಗೆ? ಮೊಬೈಲ್ ಎತ್ತಿದ.

ಮೊಣಕಾಲಿನಾಳದ ಗುಂಡಿಯಲ್ಲಿ ಶಿವರತ್ನಮ್ಮ ಹಾರೆ ನೆಟ್ಟು ನಿಂತಳು.

“ಸ್ವಲ್ಪ ನಗಮ್ಮ.”

“ನಗೋದಿರ್ಲಿ. ಜಾಗ ಇದೇ ಅಂತ ಸರ್ಯಾಗ್ ಬಂತಾ? ತೋರ್ಸಿ.”

ಅವನು ಬಗ್ಗಿ ತೋರಿಸಿದ. ಅವಳು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ನೋಡಿದಳು: ಗುಂಡಿ, ನೀಲಿ ಟಾರ್ಪಾಲು, ತಾನು.

ಆಮೇಲೆ ಒಟ್ಟಿದ ರಾಶಿಯತ್ತ ಕೈಚಾಚಿದಳು.

“ಗೋವಿಂದೀ, ಮೂಲೆಗೆ ಆ ದೊಡ್ ಕಲ್ಲು ತತ್ತಾ.”