ನೀರಕ್ಕ ಗದರದೆ ಬಿಟ್ಟವನು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿಡ್ನಿ ವಾರ್ಡಿನಲ್ಲಿ ಆಗಲೇ ಗದರಿಕೆ ಶುರುವಾಗಿದೆ. "ಲೋಟ ತುಂಬಿದ ಹಾಗೇ ಇದೆಯಲ್ಲ, ನೋಡ್ತಾ ಕೂರೋಕೆ ಕೊಟ್ಟಿದ್ದೀನಾ? ಕುಡಿಯಪ್ಪಾ!" ದಪ್ಪ ಮೀಸೆಯ ರೋಗಿ ಲೋಟ ಎತ್ತುತ್ತಾನೆ. ಈ ಆಯಾಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳುತ್ತದೆ. ಉಳಿದಂತೆ ಆಕೆ ಎಲ್ಲರಿಗೂ ನೀರಕ್ಕ.

ಕಲ್ಲು ತೆಗೆಸಿಕೊಂಡವರಿಗೆ ನೀರು ಕುಡಿಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಅದರಲ್ಲಿ ಕೆಂಪು ಕಂಡು ಹೌಹಾರಿದವರಿಗೆ ಧೈರ್ಯ ಹೇಳಬೇಕು. ಇಪ್ಪತ್ತು ಮಂಚಗಳ ಕೆಲಸ ಒಬ್ಬಳ ತಲೆಯ ಮೇಲೆ. ಮನೆಗೆ ಹೊರಟವರನ್ನೂ ಆಕೆ ಸುಮ್ಮನೆ ಬಿಡುವುದಿಲ್ಲ. "ನೋವು ಹೋಯ್ತು ಅಂತ ಮರೀಬೇಡಿ. ಒಳಗೆ ಕೊಳವೆ ಇದೆ, ಬಂದು ತೆಗೆಸ್ಕೊಳ್ಳಿ" ಎಂದು ಬಾಗಿಲ ತನಕ ಬೆನ್ನಟ್ಟುತ್ತಾಳೆ. ಮೂತ್ರ ಸಲೀಸಾಗಿ ಇಳಿಯಲೆಂದು ಕೆಲವರಿಗೆ ಇಡುವ ಕೊಳವೆ ಅದು. ಹೇಳಿದ ಸಮಯಕ್ಕೆ ತೆಗೆಸದಿದ್ದರೆ ಅದರ ಮೇಲೇ ಕಲ್ಲು ಕಟ್ಟಿ, ಸದ್ದಿಲ್ಲದೆ ಕಿಡ್ನಿಯನ್ನೇ ಹಾಳುಮಾಡಬಹುದು.

ಇಂಥ ನೀರಕ್ಕನ ಬಾಯಿ ಮನೆಯಲ್ಲಿ ಮಾತ್ರ ಕಟ್ಟಿಹೋಯಿತು. ಲಾರಿ ಓಡಿಸುವ ತಮ್ಮನೂ ಇದೇ ವಾರ್ಡಿನಲ್ಲಿ ಕಲ್ಲು ತೆಗೆಸಿಕೊಂಡು, ಕೊಳವೆಯೊಂದಿಗೆ ಮನೆಗೆ ಹೋಗಿದ್ದ. "ಬಾರೋ, ತೆಗೆಸ್ಕೊಂಡು ಹೋಗು ಅಂದೆ. 'ಗುಂಡುಕಲ್ಲಿನ ಹಾಗಿದ್ದೀನಿ, ಮನೇಲೂ ವಾರ್ಡ್ ಶುರು ಮಾಡ್ಬೇಡ ಅಕ್ಕ' ಅಂದ. ನಗು ಬಂತು, ಸುಮ್ಮನಾದೆ. ಯಾರ್ಯಾರಿಗೋ ಗದರ್ತೀನಿ, ಇವನ ಮನಸ್ಸು ನೋಯಿಸೋಕೆ ಆಗ್ಲಿಲ್ಲ."

ವರ್ಷ ಕಳೆದು, ತಮ್ಮನಿಗೆ ಚಳಿಜ್ವರ ಬಂತೆಂದು ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಕಿಡ್ನಿ ಪೂರ್ತಿ ಕೆಟ್ಟಿತ್ತು. ತೆಗೆದೇ ಹಾಕಬೇಕಾಯಿತು. ಇದನ್ನು ಹೇಳುವಾಗ ನೀರಕ್ಕ ಮುಖ ತಿರುಗಿಸಿಕೊಂಡು, ಮಡಚಿದ ಹೊದಿಕೆಯನ್ನೇ ಮತ್ತೆ ಮಡಚುತ್ತಾಳೆ. "ಒಂದೇ ಒಂದು ಸಲ ಕಿವಿ ಹಿಂಡಿ ಎಳ್ಕೊಂಡು ಬಂದಿದ್ರೆ ಸಾಕಿತ್ತು."

ಉಳಿದಿರುವ ಒಂದು ಕಿಡ್ನಿಯ ತಪಾಸಣೆಗೆ ತಮ್ಮ ಈಗ ತಪ್ಪದೆ ಬರುತ್ತಾನೆ. ಇವತ್ತೂ ಸ್ಕ್ಯಾನ್ ಕೋಣೆಯ ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಕೂತಿದ್ದಾನೆ. ಅಕ್ಕ ಕೊಟ್ಟ ನೀರನ್ನು ಗಟಗಟ ಕುಡಿದು, ಇನ್ನೊಂದು ಲೋಟಕ್ಕೆ ತಾನೇ ಕೈ ಒಡ್ಡುತ್ತಾನೆ. ಸ್ಕ್ಯಾನ್ ಮುಗಿದು, "ಇರೋದು ಚೆನ್ನಾಗಿದೆ" ಎಂದು ಡಾಕ್ಟರು ಹೇಳಿದಾಗಲೂ ತಲೆಯಾಡಿಸುತ್ತಾನೆ, ಅಷ್ಟೇ.

ಇನ್ನೇನು ಆಸೆಯಿದೆ ಎಂದು ಕೇಳಿದರೆ, ನೀರಕ್ಕ ಮೆಟ್ಟಿಲಿಳಿಯುತ್ತಿರುವ ತಮ್ಮನ ಬೆನ್ನನ್ನೇ ನೋಡುತ್ತಾಳೆ.

"ಈಗ ಏನು ಹೇಳಿದ್ರೂ ಹೂಂ ಅಂತಾನೆ. ಮೊದ್ಲಿನ ಹಾಗೆ ಒಂದ್ಸಲ, 'ಬರಲ್ಲ ಹೋಗೇ ಅಕ್ಕ' ಅಂತ ಜಗಳ ಆಡ್ಲಿ. ಈ ಸಲ ನಾನು ಬಿಡಲ್ಲ."