ಔಷಧಿ ಕೊಟ್ಟವರಿಗೆ "ಬತ್ತೀನಿ" ಅನ್ನಬಾರದು

ಚಾಮರಾಜನಗರದ ಡಾಕ್ಟರಮ್ಮ ನನ್ನ ಕಾಲಿಗೆ ಪಟ್ಟಿ ಕಟ್ಟಿ, "ಅಜ್ಜಿ, ಶುಕ್ರವಾರ ಮತ್ತೆ ಬನ್ನಿ" ಎಂದಳು. ಔಷಧಿ ಕೊಟ್ಟವರೇ ರೋಗಿಯನ್ನು ಮತ್ತೆ ಬಾ ಎಂದು ಕರೆಯುವ ಊರು ಇದೆಂಥದು?

ಗುಂಡ್ಲುಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ ಉಳುಕು ತೀಡುವವಳು ನಾನು. ಮಕ್ಕಳ ಕೆಮ್ಮಿಗೆ ಸೊಪ್ಪಿನ ರಸವನ್ನೂ ಕೊಡುತ್ತಿದ್ದೆ. ನಮ್ಮ ಕಡೆಯವರಿಗೆ ಗೊತ್ತು, ಔಷಧಿ ತೆಗೆದುಕೊಂಡವರು "ಬತ್ತೀನಿ" ಅನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ. "ಬತ್ತೀನಿ" ಅಂದರೆ ಕಾಯಿಲೆಯೂ ತಿರುಗಿ ಬರುತ್ತದೆ. ನನ್ನ ನಾದಿನಿ ಒಮ್ಮೆ ಬಾಯಿತಪ್ಪಿ ಅಂದಳು. ವಾಪಸು ಕರೆದು ಕೂರಿಸಿ, ಮೊದಲಿಂದ ತೀಡಿ, ಬಾಯಿ ಮುಚ್ಚಿಕೊಂಡು ಹೋಗು ಎಂದು ಕಳಿಸಿದೆ.

ಈ ಸಲ ಕಾಯಿಲೆ ನನಗೇ. ಹೊಲದಲ್ಲಿ ಕಾಲಿಗೆ ಮುಳ್ಳು ಹೊಕ್ಕಿತು. ಸೊಪ್ಪು ಅರೆದು ಕಟ್ಟಿದೆ. ಹಿಂದೆಲ್ಲ ಮಾಯುತ್ತಿದ್ದದ್ದು ಈ ಸಲ ಕೀವಾಗಿ ಹೆಬ್ಬೆರಳು ಊದಿಕೊಂಡಿತು. ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವ ಮಗಳು ಮಂಜುಳಾ ಬಂದು ಚಾಮರಾಜನಗರದ ತನ್ನ ಬಾಡಿಗೆ ಮನೆಗೆ ಕರೆತಂದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸಕ್ಕರೆ ಕಾಯಿಲೆ. ಬೆರಳು ಉಳಿಯಬೇಕಾದರೆ ಊರಿಗೆ ಹೋಗುವ ಮಾತು ಎತ್ತಬೇಡಿ ಎಂದರು.

ಊರಲ್ಲಿ ಬಾಗಿಲು ದಾಟಿದರೆ ಬೇಲಿಯಲ್ಲೇ ಆಡುಸೋಗೆ, ತುಂಬೆ. ಇಲ್ಲಿ ಬಾಗಿಲಿನವರೆಗೂ ಸಿಮೆಂಟು. ಒಂದು ಖಾಲಿ ಪೇಂಟ್ ಡಬ್ಬದಲ್ಲಿ ದೊಡ್ಡಪತ್ರೆ ನೆಟ್ಟೆ. ಅಲ್ಲಿ ನನ್ನ ಅಂಗೈ ಯಾವಾಗಲೂ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಇಲ್ಲಿ ಸೋಪಿನ ವಾಸನೆ. ಸಂಜೆ ಸುಮ್ಮನೆ ನನ್ನ ಮೊಣಕಾಲನ್ನೇ ತೀಡಿಕೊಂಡು ಕೂರುತ್ತಿದ್ದೆ.

ಗಾಯ ತೊಳೆದು ಪಟ್ಟಿ ಕಟ್ಟುವುದಕ್ಕೆ ಇಲ್ಲಿ ಡ್ರೆಸಿಂಗ್ ಎನ್ನುತ್ತಾರೆ. ಎರಡನೇ ಡ್ರೆಸಿಂಗ್‌ಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ.

"ಲೋಳೆಸರ ಹಚ್ಲಾ?"

"ಗಾಯಕ್ಕೆ ಏನೂ ಹಚ್ಚಬೇಡಿ ಅಜ್ಜಿ. ಹಾಗಲಕಾಯಿ ತಿನ್ನಿ, ಬೇಡ ಅನ್ನಲ್ಲ. ಕಷಾಯ ಕುಡಿಯೋದಾದ್ರೆ ಮೊದಲು ನನಗೆ ಹೇಳಿ. ಮಾತ್ರೆ ಮಾತ್ರ ಬಿಡಬಾರದು."

"ಆಯ್ತು ಕಣವ್ವ. ನೀನು ಬನ್ನಿ ಬನ್ನಿ ಅನ್ನೋದ ಬುಡು. ಕಾಯ್ಲೆ ತಿರ್ಗಾ ಬತ್ತದೆ."

"ನೀವು ಬರದಿದ್ರೆ ಬೆರಳು ಹೋಗುತ್ತೆ!"

"ಹಂಗಾರೆ ನೀನು ಅನ್ಕೊ. ನಾನು ಬತ್ತೀನಿ ಅನ್ನಕಿಲ್ಲ."

"ನಿಂದೊಂದು ಕಣವ್ವ! ಮಾನ ಕಳೀಬ್ಯಾಡ," ಎಂದು ಮಂಜುಳಾ ನನ್ನ ತೋಳು ಜಗ್ಗಿದಳು. ಡಾಕ್ಟರಮ್ಮ ನಕ್ಕಳು. ಅಂದಿನಿಂದ ಅವಳು ಬನ್ನಿ ಅನ್ನುವುದು, ನಾನು ತುಟಿ ಬಿಗಿದು ಹೊರಡುವುದು. ಅವಳು ಹೇಳಿದ ದಿನಕ್ಕೆ ಮಾತ್ರ ತಪ್ಪದೆ ಹೋದೆ.

ಗಾಯ ಒಣಗಿತು. ಬೆರಳು ಉಳಿಯಿತು. ಊರಿಗೆ ಹೋಗಬಹುದು, ಆದರೆ ಸಕ್ಕರೆ ಹೋಗುವುದಿಲ್ಲ, ತಿಂಗಳಿಗೊಮ್ಮೆ ತೋರಿಸಬೇಕು ಎಂದಳು ಡಾಕ್ಟರಮ್ಮ.

ಊರಲ್ಲಿ ಬೇಲಿ ನನ್ನನ್ನು ಕಾಯದೆ ದಾರಿಗೆ ಚಾಚಿಕೊಂಡಿತ್ತು. ನಾದಿನಿ ಕುಂಟುತ್ತಾ ಬಂದು ಕಾಲು ಚಾಚಿದಳು. ತೀಡಿದೆ. ಮಾತಿಲ್ಲದೆ ಎದ್ದು ಹೋದಳು. ಅಷ್ಟು ಚೆಂದವಾಗಿ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ.

ಮಾತ್ರೆ ಮುಗಿಯುತ್ತಾ ಬಂತು. ಬಾಗಿಲು ಎಳೆದು ಚಿಲಕ ಹಾಕಿ, ಖಾಲಿ ಮನೆಗೆ "ಬತ್ತೀನಿ" ಅಂದೆ. ಬಸ್ಸಿನಲ್ಲಿ ಕೂತರೆ, ದೊಡ್ಡಪತ್ರೆಯ ಆ ಡಬ್ಬಕ್ಕೆ ಮಂಜುಳಾ ನೀರು ಹಾಕಿದಳೋ ಇಲ್ಲವೋ ಎಂಬುದೇ ಯೋಚನೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ನೋಡಿ ಮಾತ್ರೆ ಬರೆದಳು. ಹೊರಡುವಾಗ ಬಾಯಿ ತೆರೆದವಳು ನನ್ನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ನಮ್ಮೂರಿನವಳ ಹಾಗೇ.

ಬಾಗಿಲವರೆಗೆ ಹೋದೆ. ತಿರುಗಿ ನಿಂತೆ.

"ಬತ್ತೀನಿ ಕಣವ್ವ," ಅಂದೆ.