ಸಿರುಗುಪ್ಪದಲ್ಲಿ ಒಲೆ ಹಚ್ಚದ ದಿನ

ಸಿರುಗುಪ್ಪದಲ್ಲಿ ಮೊದಲ ಸಲ ಬಟ್ಟೆ ಒಗೆದು ಒಣಹಾಕಿದಾಗ, ಸಂಜೆಯ ಹೊತ್ತಿಗೆ ಬಿಳಿ ಪಂಚೆಗಳ ತುಂಬ ಕಪ್ಪು ಚುಕ್ಕೆಗಳು ಬಿದ್ದಿದ್ದವು. ಕೈಯಿಂದ ಕೊಡವಿದೆ. ಒಂದೊಂದು ಚುಕ್ಕೆಯೂ ಒಂದೊಂದು ಗೀರಾಯಿತು. ಗೋಡೆಯ ಆಚೆಯಿಂದ ಒಬ್ಬ ಹೆಂಗಸು ನೋಡುತ್ತಿದ್ದಳು. “ಕೊಡವಬ್ಯಾಡ್ರಿ, ಊದ್ರಿ,” ಎಂದಳು. ಅದು ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಉರಿಸಿದ ಬೂದಿ. ಗಾಳಿ ತಿರುಗಿದ ಕಡೆಯ ಅಂಗಳಗಳಿಗೆಲ್ಲ ಬೀಳುತ್ತದೆ. ಹೇಳಿದವಳು ಗೌರಮ್ಮ. ಗಂಡ ಶರಣಪ್ಪ ಮಿಲ್ಲಿನ ಗುಮಾಸ್ತ.

ನನ್ನ ಯಜಮಾನರಿಗೆ ಕಾಲುವೆ ಇಲಾಖೆಯಲ್ಲಿ ಓವರ್‌ಸಿಯರ್ ಕೆಲಸ. ಅವರಿಗೆ ವರ್ಗವಾಯಿತೆಂದು ಮೈಸೂರು ಬಿಟ್ಟು ಬಂದೆವು. ನನಗೂ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಸಂತೆಯಲ್ಲಿ ಬದನೆಕಾಯಿಯವಳು ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಲೆಕ್ಕ ಹೇಳುತ್ತಾಳೆ. ನಾವು ಮೈಸೂರಿನಲ್ಲಿ ಬಿಸಿಲು ಎನ್ನುವುದನ್ನು ಇಲ್ಲಿ ಯಾರೂ ಬಿಸಿಲೆಂದು ಒಪ್ಪುವುದಿಲ್ಲ. ಇವಕ್ಕೆಲ್ಲ ಒಂದೆರಡು ವರ್ಷಗಳಲ್ಲಿ ಹೊಂದಿಕೊಂಡೆ. ಹೊಂದಿಕೊಳ್ಳಲಾಗದೆ ಉಳಿದದ್ದು ಒಂದೇ. ಇಲ್ಲಿಯವರು ಕೇಳದೆ ಅಡಿಗೆಮನೆಗೆ ಬಂದುಬಿಡುತ್ತಾರೆ. ನಮ್ಮ ಕಡೆ ಹಣ್ಣು, ಬೆಲ್ಲ, ಅಕ್ಕಿ ಮನೆಯಿಂದ ಮನೆಗೆ ಓಡಾಡುತ್ತವೆ, ಬೇಯಿಸಿದ್ದು ಓಡಾಡುವುದಿಲ್ಲ. ನಾನು ಬೆಳೆದ ಮನೆಗೆ ಹೊರಗಿನಿಂದ ಬೆಂದ ಅನ್ನ ಬಂದದ್ದು ಸಾವಾದ ದಿನಗಳಲ್ಲಿ ಮಾತ್ರ. ಅಂಥ ದಿನ ಒಲೆ ಹಚ್ಚಬಾರದು, ಬಂಧುಗಳು ತಂದು ಬಡಿಸುತ್ತಾರೆ. ಈ ವಿಷಯ ತಿಳಿಯದಿದ್ದರೆ ಮುಂದೆ ನಡೆದದ್ದು ನಿಮಗೆ ಅರ್ಥವಾಗಲಿಕ್ಕಿಲ್ಲ.

ನಮ್ಮ ಒಬ್ಬಳೇ ಮಗಳು ವತ್ಸಲಾ ಮದರಾಸಿನಲ್ಲಿದ್ದು ಪಿಟೀಲು ನುಡಿಸುತ್ತಿದ್ದಳು. ಆ ಬೇಸಗೆ ಒಂದು ನೃತ್ಯ ತಂಡದ ಜೊತೆ ಮಲೇಷ್ಯಾಕ್ಕೆ ಹೋಗಿದ್ದಳು. ಒಂದು ಬೆಳಿಗ್ಗೆ ಶಾಲೆಗೇ ತಂತಿ ಬಂತು. ಪೆನಾಂಗ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಳೆ, ಅಪೆಂಡಿಕ್ಸ್ ಒಡೆದಿದೆ, ತುರ್ತು ಆಪರೇಷನ್, ಸ್ಥಿತಿ ಗಂಭೀರ, ಮತ್ತೆ ತಿಳಿಸುತ್ತೇವೆ. ತಂಡದ ಮುಖ್ಯಸ್ಥರು ಕಳಿಸಿದ್ದು. ನಾನು ಮಕ್ಕಳಿಗೆ ಲೆಕ್ಕ ಮಾಡಲು ಹೇಳಿ, ಬಾಗಿಲ ಹೊರಗೆ ನಿಂತು ಇನ್ನೊಮ್ಮೆ ಓದಿದೆ. ಪೆನಾಂಗ್ ಎಲ್ಲಿದೆಯೆಂದು ಶಾಲೆಯ ಭೂಪಟದಲ್ಲಿ ಹುಡುಕಿದೆ. ಸಿಕ್ಕಿತು. ಸಿಕ್ಕಿದ್ದರಿಂದ ಏನೂ ಆಗಲಿಲ್ಲ. ನಮ್ಮಿಬ್ಬರಲ್ಲಿ ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ.

ಹೊರದೇಶಕ್ಕೆ ಟ್ರಂಕ್ ಕಾಲ್ ಮಾಡಬೇಕಾದರೆ ಬಳ್ಳಾರಿಗೇ ಹೋಗಬೇಕು. ಅಲ್ಲಿ ಸತ್ಯನಾರಾಯಣಪೇಟೆಯಲ್ಲಿ ಯಜಮಾನರ ದೊಡ್ಡಪ್ಪನ ಮಗ ಇದ್ದಾರೆ. ನಾನೂ ಬರುತ್ತೇನೆ ಎಂದೆ. ಇನ್ನೊಂದು ತಂತಿ ಬಂದರೆ ತೆಗೆದುಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎಂದು ಅವರು ನನ್ನನ್ನು ಬಿಟ್ಟು ಬಸ್ಸು ಹತ್ತಿದರು. ಲೈನು ಸಿಕ್ಕ ಕೂಡಲೇ ಮಿಲ್ಲಿನ ಫೋನಿಗೆ ತಿಳಿಸುವುದೆಂದು ಮಾತಾಯಿತು. ನಮ್ಮ ಬೀದಿಗೆ ಇದ್ದ ಫೋನು ಅದೊಂದೇ.

ಮಧ್ಯಾಹ್ನ ಸುಮ್ಮನೆ ಕೂರಲಾಗದೆ ಒಲೆಯ ಮುಂದೆ ಹೋಗಿ ಸೌದೆ ಜೋಡಿಸಿದೆ. ಆಗ ಗೌರಮ್ಮ ಒಳಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬಗ್ಗಿ ಸೌದೆಯನ್ನು ಹೊರಗೆಳೆದಳು.

“ಒಲಿ ಹಚ್ಚಬ್ಯಾಡ್ರಿ ಅಕ್ಕೋರ. ಇವತ್ತು ನಿಮ್ಮ ಮನ್ಯಾಗ ಅಡಿಗಿ ಬ್ಯಾಡ.”

ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅವಳ ಹಿಂದೆ ಎದುರುಮನೆಯವರು ಅನ್ನ ತಂದರು. ಮೂಲೆಮನೆಯವರು ಮಜ್ಜಿಗೆ ತಂದರು. ಎಲ್ಲರೂ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತರು. ಒಬ್ಬರೂ ವತ್ಸಲೆಯ ಹೆಸರೆತ್ತಲಿಲ್ಲ. ಕಾಲುವೆಗೆ ನೀರು ಯಾವಾಗ ನಿಲ್ಲಿಸುತ್ತಾರೆಂಬ ಮಾತಾಡಿದರು. ಕಿಟಕಿಯಿಂದ ನೋಡಿದರೆ ಮಿಲ್ಲಿನಲ್ಲಿರಬೇಕಾದ ಶರಣಪ್ಪ ನಮ್ಮ ಕಟ್ಟೆಯ ಹತ್ತಿರ ನಿಂತಿದ್ದ. ಒಳಗೆ ಬರಲಿಲ್ಲ. ನಾನು ನೋಡಿದೆನೆಂದು ಗೊತ್ತಾದಾಗ ತಲೆ ತಗ್ಗಿಸಿದ.

ಫೋನು ಬಂದಿದೆ ಎಂದುಕೊಂಡೆ. ಇವರಿಗೆಲ್ಲ ಗೊತ್ತಾಗಿದೆ, ಯಜಮಾನರು ಬರುವವರೆಗೆ ನನಗೆ ಹೇಳಬಾರದೆಂದು ಮಾತಾಡಿಕೊಂಡಿದ್ದಾರೆ. ಕೇಳಬಹುದಿತ್ತು. ಐದಾರು ಜನ ಎದುರಿಗೇ ಇದ್ದರು. ಆದರೆ ಕೇಳಿದರೆ ಯಾರಾದರೊಬ್ಬರು ಬಾಯಿಬಿಟ್ಟು ಹೇಳುತ್ತಾರೆ; ಕೇಳದೆ ಇರುವಷ್ಟು ಹೊತ್ತು ಹೇಳುವುದಿಲ್ಲ. ಮೆಲ್ಲಗೆ ಎದ್ದು ಬಚ್ಚಲಿಗೆ ಹೋದೆ. ಉಟ್ಟ ಸೀರೆಯಲ್ಲೇ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಸಾವಿನ ಸುದ್ದಿ ಕೇಳಿದಾಗ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಅಳು ಬರಲಿಲ್ಲ. ಎರಡನೇ ತಂಬಿಗೆ, ಮೂರನೇ ತಂಬಿಗೆ ಎಂದು ಕೈ ತಾನಾಗಿ ಎತ್ತುತ್ತಿತ್ತು.

ನೀರು ಸೋರುತ್ತ ನಡುಮನೆಗೆ ಬಂದೆ. ಗೌರಮ್ಮ ಎದ್ದು ನಿಂತಳು.

“ಇದೇನ್ರಿ ಅಕ್ಕೋರ? ಯಾರು ಹೇಳಿದ್ರು ನಿಮಗ? ಯಾವಾಗ ಸುದ್ದಿ ಬಂತು?”

“ನಿಮಗೇ ಬಂದಿದೆಯಲ್ಲ. ಮಿಲ್ಲಿಗೆ,” ಎಂದೆ.

“ಯಾವ ಸುದ್ದೀನೂ ಬಂದಿಲ್ಲ. ಹುಡುಗಿ ದವಾಖಾನ್ಯಾಗ ಅದಾಳ ಅಂತ ಮುಂಜಾನಿ ಸಾಹೇಬ್ರು ಹೇಳಿ ಹೋದ್ರಲ್ಲ, ಅಷ್ಟ ನಮಗ ಗೊತ್ತಿರೋದು. ನಮ್ಮ ಮನಿಯವ್ರೂ ನಿಮಗ ಏನರ ಬೇಕಾಗ್ತೈತೇನೋ ಅಂತ ಬಂದು ಹೊರಗ ನಿಂತಾರ.”

ಹಾಗಾದರೆ ಈ ಊಟ ಯಾಕೆ, ಒಲೆ ಹಚ್ಚಬೇಡ ಎಂದದ್ದು ಯಾಕೆ ಎಂದು ಕೇಳಿದೆ.

“ಹೆತ್ತಾಕಿ ಜೀವ ಅಲ್ಲಿ, ಕೈ ಇಲ್ಲಿ. ಬೆಂಕಿ ಮುಂದ ಕುಂತ್ರ ಸೆರಗು ಸುಟ್ಕೊಂತೀರಿ ಅಂತ ತಂದೀವಿ. ಯಾರ ಮನ್ಯಾಗ ಬ್ಯಾನಿ ಬಂದ್ರೂ ನಾವು ಹಿಂಗ ಮಾಡ್ತೀವಿ. ನಿಮ್ಮ ಕಡೆ ಇಲ್ಲೇನು?”

ನಮ್ಮ ಕಡೆ ಯಾವಾಗ ಮಾಡುತ್ತಾರೆಂದು ಹೇಳಿದೆ. ಮೂಲೆಮನೆಯಾಕೆ ಮಜ್ಜಿಗೆಯ ಚೊಂಬನ್ನು ಸೆರಗಿನಿಂದ ಮುಚ್ಚಿದಳು. ಮಾಡಿದ್ದು ಏನೆಂದು ನನಗೆ ಆಗ ಪೂರ್ತಿ ತಿಳಿಯಿತು. ಬದುಕಿರುವ ಮಗಳಿಗೆ, ಬಹುಶಃ ಅದೇ ಗಳಿಗೆಯಲ್ಲಿ ಆಪರೇಷನ್ ಮೇಜಿನ ಮೇಲೆ ಮಲಗಿರುವವಳಿಗೆ, ನಾನು ಸಾವಿನ ಸ್ನಾನ ಮಾಡಿದ್ದೆ. ನಾನು ಶಕುನ ನಂಬುವವಳಲ್ಲ. ಆದರೂ ಆ ಹೊತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಗೌರಮ್ಮನ ತಾಯಿ ಕುರುಗೋಡಿನಿಂದ ಬಂದು ಮಗಳ ಮನೆಯಲ್ಲಿದ್ದರು. ಬೊಚ್ಚು ಬಾಯಿಯ ಮುದುಕಿ. ಅಷ್ಟೊತ್ತು ನಮ್ಮ ನಡುಮನೆಯ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಂತು ಏನು ನೋಡ್ತೀಯಲೇ ಗೌರಿ? ಹಂಡೇಕ ಉರಿ ಹಾಕು, ಎಣ್ಣಿ ತಗೊಂಬಾ. ಅಕ್ಕೋರಿಗೆ ಎಣ್ಣಿ ನೀರು ಹಾಕೂನು. ಬರೇ ತಣ್ಣೀರು ಹಾಕ್ಕೊಂಡು ಅರ್ಧಕ್ಕ ಎದ್ದು ಬಂದಾರ, ಸಾಲಿ ಕಲಿಸೋರಿಗೆ ಜಳಕ ಮಾಡಾಕ ಬರಂಗಿಲ್ಲ.”

ನಾನು ಬೇಡವೆಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಗೌರಮ್ಮನ ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ, ಹಸಿ ತಲೆಗೇ ಎಣ್ಣೆ ತಟ್ಟಿದರು. ಹಬ್ಬದ ದಿನ ಮಗುವಿಗೆ ಮಾಡುವ ಹಾಗೆ ಕಿವಿಯ ಹಿಂದೆ, ಕತ್ತಿಗೆ, ಅಂಗಾಲಿಗೆ ತಿಕ್ಕಿದರು. ಬಾಣಂತನದ ನಂತರ ನನಗೆ ಯಾರೂ ನೀರು ಹಾಕಿರಲಿಲ್ಲ. ವತ್ಸಲಾ ಹುಟ್ಟಿದಾಗ ನನ್ನ ತಾಯಿ ಹಾಕಿದ್ದೇ ಕೊನೆ. “ಮಗಳ ಹೆಸರು ಹೇಳ್ರಿ,” ಎಂದರು. ಹೇಳಿದೆ. ಒಂದೊಂದು ಚೊಂಬು ಬಿಸಿನೀರು ಹಾಕುವಾಗಲೂ ಅವಳ ಹೆಸರು ಹೇಳಿ, ನೂರು ವರ್ಷ ಬಾಳಲಿ ಎಂದು ಹಾಕಿದರು. ಅಲ್ಲಿ ನನಗೆ ಅಳು ಬಂತು.

ಅಂದು ಸಂಜೆಯಾದರೂ ಸುದ್ದಿಯಿಲ್ಲ. ಗೌರಮ್ಮ ನಮ್ಮ ಮನೆಯಲ್ಲೇ ಮಲಗಿದಳು. ಮರುದಿನ ಬಿಸಿಲು ಏರಿದ ಮೇಲೆ ಶರಣಪ್ಪ ಚಪ್ಪಲಿಯಿಲ್ಲದೆ ಓಡಿ ಬಂದ. ಈ ಸಲ ಒಳಗೇ ಬಂದ.

“ಸಾಹೇಬ್ರು ಮಾತಾಡಿದ್ರು. ಆಪ್ರೇಷನ್ ಆಗೈತಂತ. ಹುಡುಗಿ ಕಣ್ಣು ತೆರದಾಳಂತ. ನೀರು ಕೇಳಿದ್ಲಂತ್ರಿ.”

ಇನ್ನೊಮ್ಮೆ ಹೇಳಿ ಎಂದೆ. ಅವೇ ಮಾತುಗಳನ್ನು ಅದೇ ಕ್ರಮದಲ್ಲಿ ಹೇಳಿದ. ಜ್ವರ ಇಳಿದಿಲ್ಲ, ಅಪಾಯ ಪೂರ್ತಿ ಕಳೆದಿಲ್ಲ ಎಂಬುದನ್ನೂ ಬಿಡದೆ ಹೇಳಿದ. ಆ ಜ್ವರ ಇಳಿಯುವವರೆಗೆ ನಮ್ಮ ಒಲೆ ಹತ್ತಲಿಲ್ಲ. ದಿನಕ್ಕೊಂದು ಮನೆಯವರು ತಂದರು. ನಾನು ತಿಂದೆ.

ವತ್ಸಲಾ ಸುಧಾರಿಸಿಕೊಂಡು ಹಿಂತಿರುಗಿದಾಗ ಇಲ್ಲಿ ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ. ಅವಳನ್ನು ಮೈಸೂರಿಗೆ, ನನ್ನ ಅಣ್ಣನ ಮನೆಗೆ ಕರೆದೊಯ್ದೆವು. ಮಗಳು ತಣ್ಣಗಿನ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು. ನಾನೂ ಮಾಡಿದೆ, ಆ ತಂತಿ ಬಂದ ಮೇಲೆ ಮೊದಲ ಸಲ ಹಾಗೆ ನಿದ್ದೆ ಬಂದದ್ದು ಅಲ್ಲೇ. ಎದ್ದಾಗ ಮೈಸೂರು ಬಿಟ್ಟು ಯಾಕೆ ಹೋದೆವೋ ಎನಿಸಿತು.

ಊಟಕ್ಕೆ ಕೂತಾಗ ಅಣ್ಣನಿಗೆ ಬೇಸರವಿತ್ತು. ನಮಗೆ ಒಂದು ತಂತಿ ಕೊಡಬಾರದಿತ್ತೆ, ಆ ಊರಲ್ಲಿ ಅಂಥ ದಿನ ಒಬ್ಬಳೇ ಇದ್ದೆಯಾ ಎಂದ. ಇಲ್ಲ, ಇದ್ದರು ಎಂದೆ.

“ಯಾರು? ನಮ್ಮವರು ಯಾರಾದರೂ ಇದ್ದಾರೆಯೇ ಅಲ್ಲಿ?”

ಗೌರಮ್ಮ ಇದ್ದಳು, ಅವಳ ತಾಯಿ ಇದ್ದರು ಎಂದೆ. ಅತ್ತಿಗೆ ಸಾರಿನ ಸೌಟು ಹಿಡಿದು ನಿಂತು, ಅವರು ಯಾರ ಕಡೆಯವರು, ನಮಗೆ ಏನಾಗಬೇಕು ಎಂದು ಕೇಳಿದರು. ಪಕ್ಕದ ಮನೆಯವರು ಎಂದು ಹೇಳಿದೆ. ಓಹೋ ಎಂದು ಅತ್ತಿಗೆ ನನಗೆ ಬಡಿಸಿ ಮುಂದೆ ಹೋದರು. ಆ ದಿನದ ಎಣ್ಣೆ ನೀರಿನ ಕಥೆಯನ್ನು ನನ್ನಿಂದ ಕೇಳಿದ್ದ ವತ್ಸಲಾ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಅನ್ನ ಕಲಸುತ್ತ ಕೂತೆ.